ಲೋಕಲ್ ಕೊಟ್ಟ ಮೇಲೆ ನಾಡಿ ತಪ್ಪಿದರೆ ಎಲ್ಲಿಂದ ಹುಡುಕಬೇಕು

ರಾತ್ರಿ ಹತ್ತೂವರೆಗೆ ಫೋನ್. "ಸರ್, ಪೇಷಂಟ್‌ಗೆ ಲೋಕಲ್ ಕೊಟ್ಟೀನ್ರಿ, ಪಲ್ಸ್ 138 ಆಗೇತಿ, ಏನ್ ಮಾಡ್ಲಿ?" ಸಿಂಧನೂರು ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಡ್ಯೂಟಿ ಮಾಡುವ ಹುಡುಗ. ಲೋಕಲ್ ಅಂದರೆ ಚುಚ್ಚಿದ ಜಾಗವನ್ನಷ್ಟೇ ಮರಗಟ್ಟಿಸುವ ಇಂಜೆಕ್ಷನ್. ನಾನು ಕೇಳಿದ್ದು ಮೂರೇ. ಯಾವ ಔಷಧ, ಎಷ್ಟು ಎಂಎಲ್, ಕೊಟ್ಟು ಎಷ್ಟು ಹೊತ್ತಾಯಿತು. "ಜೈಲೋಕೇನ್ ಸರ್, ಒಂದ್ ಏಳೆಂಟು ಎಂಎಲ್ ಇರಬೇಕ್ರಿ." ವಯಲ್ ಕೈಗೆ ತಗೊಂಡು ಲೇಬಲ್ ಓದಪ್ಪಾ ಅಂದೆ. ಓದಿದ. ಅಡ್ರಿನಲಿನ್ (ನಾಳ ಕುಗ್ಗಿಸುವ, ಹೃದಯ ಓಡಿಸುವ ಔಷಧ) ಬೆರೆಸಿದ ವಯಲ್. ಬಿಪಿ ಎಷ್ಟು? 150/90. ಮಾತಾಡುತ್ತಿದ್ದಾರಾ? "ಹೌದ್ರಿ, ಎದಿ ಢವಢವ ಅಂತೈತಿ ಅಂತಾರ." ಸರಿ, ಏನೂ ಕೊಡಬೇಡ, ನಾಡಿ ಹಿಡಿದುಕೊಂಡು ಪಕ್ಕದಲ್ಲೇ ಕೂತಿರು ಅಂದೆ. ಹತ್ತು ನಿಮಿಷಕ್ಕೆ 96ಕ್ಕೆ ಇಳಿದಿತ್ತು.

ಇಂಥ ಫೋನ್ ನನಗೆ ತಿಂಗಳಿಗೆ ಎರಡು ಮೂರು ಬರುತ್ತವೆ. ನಾನಿರುವುದು ರಾಯಚೂರಿನಲ್ಲಿ, ಮಾನ್ವಿ, ಸಿಂಧನೂರು, ಲಿಂಗಸುಗೂರು ಕಡೆಯಿಂದ ಕರೆದರೆ ಹೋಗುತ್ತೇನೆ. ಜನರ ಬಾಯಲ್ಲಿ ನಾವು "ಮತ್ತು ಕೊಡೋ ಡಾಕ್ಟ್ರು". ಆದರೆ ಲೋಕಲ್ ಕೊಡುವುದಕ್ಕೆ ನಮ್ಮನ್ನು ಯಾರೂ ಕರೆಯುವುದಿಲ್ಲ. ಹಲ್ಲು ಕೀಳುವವರು, ಗಾಯಕ್ಕೆ ಹೊಲಿಗೆ ಹಾಕುವವರು, ಕಣ್ಣಿನ ಪೊರೆ ತೆಗೆಯುವವರು ತಾವೇ ಕೊಟ್ಟುಕೊಳ್ಳುತ್ತಾರೆ. ಕೊಡಲಿ, ಅದರಲ್ಲಿ ತಪ್ಪೇನಿಲ್ಲ. ಎಡವಟ್ಟಾದಾಗ ಮಾತ್ರ ನಮ್ಮ ನೆನಪು ಬರುತ್ತದೆ, ಆಗ ಫೋನಿನಲ್ಲಿ ಪತ್ತೆ ಹಚ್ಚುವುದು ಕಷ್ಟ. ಅದಕ್ಕೇ ಒಮ್ಮೆ ಬರೆದಿಡೋಣ ಅನ್ನಿಸಿತು. ಡ್ಯೂಟಿ ಡಾಕ್ಟರ್‌ಗಳಿಗೆ, ದಂತವೈದ್ಯರಿಗೆ, ಓಟಿ ಸಿಸ್ಟರ್‌ಗಳಿಗೆ. ನಿಮ್ಮ ಆಸ್ಪತ್ರೆಯ ನಿಯಮ ಇದ್ದರೆ ಅದೇ ಮೇಲು, ಇದು ಅದನ್ನು ಅರ್ಥ ಮಾಡಿಕೊಳ್ಳಲಿಕ್ಕೆ.

ವೇಗ ಬೇರೆ, ಬಲ ಬೇರೆ

ಹೊಲದಲ್ಲಿ ಪಂಪ್‌ಸೆಟ್ ಇರುವವರಿಗೆ ಇದು ಬೇಗ ತಿಳಿಯುತ್ತದೆ. ಮೋಟರ್ ಗುಂಯ್ ಅಂತ ಓಡುತ್ತಿರುತ್ತದೆ, ಪೈಪಿನ ಬಾಯಲ್ಲಿ ನೀರು ಮಾತ್ರ ಬೆರಳು ಗಾತ್ರ. ಸದ್ದು ಕೇಳಿ ಎಲ್ಲಾ ಸರಿ ಇದೆ ಅಂತ ಮನೆಗೆ ಹೋದರೆ ಭತ್ತ ಒಣಗುತ್ತದೆ. ಮಾನಿಟರ್ ಮೇಲಿನ ಪಲ್ಸ್ ನಂಬರ್ ಅಂದರೆ ಮೋಟರ್ ಸದ್ದು, ಅಷ್ಟೇ. ನೀರು ಎಷ್ಟು ಬರುತ್ತಿದೆ ಅಂತ ನೋಡಬೇಕಾದರೆ ಬಿಪಿ ನೋಡಬೇಕು, ಮಣಿಕಟ್ಟಿಗೆ ಬೆರಳಿಟ್ಟು ನಾಡಿ ತುಂಬಿ ಬರುತ್ತಿದೆಯೋ ದಾರದ ಹಾಗೆ ಬರುತ್ತಿದೆಯೋ ನೋಡಬೇಕು, ಉಗುರು ಒತ್ತಿ ಬಿಟ್ಟರೆ ಕೆಂಪು ಎಷ್ಟು ಬೇಗ ಮರಳುತ್ತದೆ ನೋಡಬೇಕು. ಫೋನ್ ಮಾಡುವವರು ನೂರಕ್ಕೆ ನೂರು ಸಲ ವೇಗ ಹೇಳುತ್ತಾರೆ. ಬಲದ ಸುದ್ದಿ ನಾನೇ ಕೇಳಬೇಕು.

ಲೋಕಲ್ ಔಷಧಗಳು ಮಾಡುವ ಕೆಲಸ ಒಂದೇ, ನರದ ಪೊರೆಯಲ್ಲಿ ಸೋಡಿಯಂ ಒಳಬರುವ ಬಾಗಿಲು ಮುಚ್ಚುವುದು. ಬಾಗಿಲು ಮುಚ್ಚಿದರೆ ಸಂಕೇತ ಮುಂದೆ ಹೋಗುವುದಿಲ್ಲ, ನೋವು ತಿಳಿಯುವುದಿಲ್ಲ. ಸರಿ, ಆದರೆ ಅಂಥದೇ ಬಾಗಿಲು ಹೃದಯದಲ್ಲೂ ಇವೆ. ಔಷಧ ಚುಚ್ಚಿದ ಜಾಗದಲ್ಲೇ ಉಳಿದರೆ ಚಿಂತೆ ಇಲ್ಲ, ರಕ್ತಕ್ಕೆ ಹೋದರೆ ಹೃದಯದ ಬಾಗಿಲಿಗೂ ಹೋಗಿ ನಿಲ್ಲುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ಹೃದಯದ ತಾಳ ಹಾಕುವ ಎಸ್‌ಎ ನೋಡ್ ಬಹುಮಟ್ಟಿಗೆ ಕ್ಯಾಲ್ಸಿಯಂ ಮೇಲೆ ನಡೆಯುತ್ತದೆ, ಸೋಡಿಯಂ ಬಾಗಿಲನ್ನು ಜಾಸ್ತಿ ನೆಚ್ಚಿಕೊಂಡಿಲ್ಲ. ಹಾಗಾಗಿ ರಕ್ತದಲ್ಲಿ ಸ್ವಲ್ಪ ಲಿಗ್ನೋಕೇನ್ (ಜೈಲೋಕೇನ್ ಅನ್ನುವುದು ಇದನ್ನೇ) ಇದ್ದರೆ ವೇಗ ಏನೂ ಬದಲಾಗುವುದಿಲ್ಲ. ಕೆಳಗಿನ ಕೋಣೆಗಳ ಅಡ್ಡಾದಿಡ್ಡಿ ಬಡಿತ ನಿಲ್ಲಿಸಲಿಕ್ಕೆ ಲಿಗ್ನೋಕೇನನ್ನೇ ರಕ್ತನಾಳಕ್ಕೆ ಕೊಡುತ್ತಾರಲ್ವಾ? ಒಂದು ಎಂಎಲ್ ಪ್ಲಾಸ್ಮಾದಲ್ಲಿ 1.5ರಿಂದ 5 ಮೈಕ್ರೋಗ್ರಾಂ ಇರುವಷ್ಟಕ್ಕೆ ಅದು ಔಷಧ. ಅದಕ್ಕಿಂತ ಮೇಲೆ ಹೋದ ಹಾಗೆ ವಿಷ. ಆಗ ಮೊದಲು ಕೆಡುವುದು ಸಂಕೇತ ಹರಿಯುವ ದಾರಿ. ಇಸಿಜಿಯಲ್ಲಿ ಪಿಆರ್ (ಸಂಕೇತ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಇಳಿಯುವ ಹೊತ್ತು) ಉದ್ದವಾಗುತ್ತದೆ, ಕ್ಯೂಆರ್‌ಎಸ್ (ಕೆಳಗಿನ ಕೋಣೆಗಳ ಬಡಿತದ ಚೂಪು ಗೆರೆ) ಅಗಲವಾಗುತ್ತದೆ. ಆಮೇಲೆ ವೇಗ ಬೀಳುತ್ತದೆ.

ಬಲದ ಕಥೆ ಬೇರೆ. ಸ್ನಾಯು ಕುಗ್ಗಬೇಕಾದರೆ ಅದರೊಳಗೆ ಕ್ಯಾಲ್ಸಿಯಂ ಏರಬೇಕು. ಔಷಧ ಜಾಸ್ತಿಯಾದರೆ ಕ್ಯಾಲ್ಸಿಯಂ ಬಾಗಿಲನ್ನೂ ಮುಚ್ಚುತ್ತದೆ, ಜೀವಕೋಶದೊಳಗಿನ ಕ್ಯಾಲ್ಸಿಯಂ ಉಗ್ರಾಣದಿಂದ ಹೊರಬರುವುದನ್ನೂ ತಡೆಯುತ್ತದೆ. ಹೆಚ್ಚು ಹೊತ್ತು ಹಿಡಿಯುವ ಇನ್ನೊಂದು ಲೋಕಲ್ ಬುಪಿವಕೇನ್, ಅದು ಇನ್ನೊಂದು ಹೆಜ್ಜೆ ಮುಂದೆ. ಹೃದಯ ತನ್ನ ಶಕ್ತಿಯ ಬಹುಪಾಲನ್ನು ಕೊಬ್ಬು ಸುಟ್ಟು ಪಡೆಯುತ್ತದೆ, ಆ ಕೊಬ್ಬು ಮೈಟೋಕಾಂಡ್ರಿಯದ ಒಳಗೆ ಹೋಗುವ ದಾರಿಗೇ ಬುಪಿವಕೇನ್ ಅಡ್ಡ ನಿಲ್ಲುತ್ತದೆ. ಅಂದರೆ ಕರೆಂಟೂ ಇಲ್ಲ, ಡೀಸೆಲ್ಲೂ ಇಲ್ಲ.

ಲಿಗ್ನೋಕೇನ್‌ಗೂ ಬುಪಿವಕೇನ್‌ಗೂ ಹೃದಯದ ಮಟ್ಟಿಗೆ ಇಷ್ಟೊಂದು ಅಂತರ ಯಾಕೆ ಅಂತ 1985ರಲ್ಲಿ ಕ್ಲಾರ್ಕ್‌ಸನ್ ಮತ್ತು ಹೊಂಡೆಗೆಮ್ ಅನ್ನುವವರು ಪ್ರಯೋಗ ಮಾಡಿ ತೋರಿಸಿದರು. ಬಾಗಿಲಿನಿಂದ ಬಿಡಿಸಿಕೊಳ್ಳುವ ಹೊತ್ತು ಲೆಕ್ಕ ಹಾಕಿದರೆ ಲಿಗ್ನೋಕೇನ್‌ಗೆ ಸುಮಾರು 0.15 ಸೆಕೆಂಡ್, ಬುಪಿವಕೇನ್‌ಗೆ ಸುಮಾರು 1.5 ಸೆಕೆಂಡ್. ನಾಡಿ 60 ಇದ್ದರೆ ಎರಡು ಬಡಿತದ ನಡುವೆ ಸಿಗುವುದು ಒಂದೇ ಸೆಕೆಂಡ್. ಅಷ್ಟರಲ್ಲಿ ಲಿಗ್ನೋಕೇನ್ ಎದ್ದು ಹೋಗಿರುತ್ತದೆ. ಬುಪಿವಕೇನ್ ಇನ್ನೂ ಕೂತೇ ಇರುತ್ತದೆ, ಅಷ್ಟರಲ್ಲಿ ಮುಂದಿನ ಬಡಿತ ಬರುತ್ತದೆ, ಇನ್ನಷ್ಟು ಬಾಗಿಲು ಮುಚ್ಚುತ್ತದೆ. ನಾಡಿ ಓಡುತ್ತಿದ್ದರೆ ಬಿಡುವು ಇನ್ನೂ ಕಡಿಮೆ, ಹಿಡಿತ ಇನ್ನೂ ಗಟ್ಟಿ. ಬೇಗ ಒಳಗೆ, ನಿಧಾನ ಹೊರಗೆ ಅಂತ ಪಾಠದಲ್ಲಿ ಹೇಳುವುದು ಇದನ್ನೇ. ನಮ್ಮ ಮನೆಗೆ ಬರುವ ಕೆಲವು ನೆಂಟರ ಥರ.

ಮೊದಲು ಬೆರಳು, ಆಮೇಲೆ ಮಾನಿಟರ್

ನಂಬರ್ ಕೆಟ್ಟಿದೆ ಅಂದ ಕೂಡಲೇ ಪೇಷಂಟ್ ಕೆಟ್ಟಿದ್ದಾರೆ ಅಂತಲ್ಲ. ಮುಖ ನೋಡಿ, ಮಾತಾಡಿಸಿ, ಕೈ ಹಿಡಿದು ನಾಡಿ ಎಣಿಸಿ. ಹದಿನೈದು ಸೆಕೆಂಡ್ ಸಾಕು. ಒಂದು ಸಲ ಮಾನಿಟರ್ 144 ತೋರಿಸುತ್ತಿತ್ತು, ಬೆರಳಿಗೆ ಸಿಕ್ಕಿದ್ದು 72. ಟಿ ಅಲೆ (ಇಸಿಜಿಯಲ್ಲಿ ಬಡಿತದ ಹಿಂದೆಯೇ ಬರುವ ದಿಬ್ಬ) ಎತ್ತರವಾಗಿತ್ತು, ಯಂತ್ರ ಅದನ್ನೂ ಒಂದು ಬಡಿತ ಅಂತ ಎಣಿಸುತ್ತಿತ್ತು. ಲೀಡ್ ಬದಲಿಸಿದ ಮೇಲೆ ಸರಿಹೋಯಿತು. ಅಷ್ಟರಲ್ಲಿ ಸಿಸ್ಟರ್ ಒಂದು ಇಂಜೆಕ್ಷನ್ ಎಳೆದು ಸಿದ್ಧ ಮಾಡಿಟ್ಟಿದ್ದರು.

ಬಿಪಿ ಪಟ್ಟಿ ಮತ್ತು ಬೆರಳಿನ ಕ್ಲಿಪ್ ಒಂದೇ ಕೈಗೆ ಹಾಕಿದ್ದರೆ ಪಟ್ಟಿ ಉಬ್ಬಿದಾಗಲೆಲ್ಲ ನಾಡಿ ಮಾಯ. ಮದುವೆ ಸೀಸನ್‌ನಲ್ಲಿ ಬೆರಳ ತುಂಬಾ ದಟ್ಟ ಗೋರಂಟಿ ಇದ್ದರೆ ಕ್ಲಿಪ್ ತಿಣುಕುತ್ತದೆ, ಕಿವಿಗೋ ಕಾಲ್ಬೆರಳಿಗೋ ಹಾಕಿ ನೋಡಿ. ಹೊರಗೆ ನಲವತ್ತು ದಾಟಿದ ಬಿಸಿಲು, ಒಳಗೆ ಏಸಿ 18ಕ್ಕೆ ಇಟ್ಟಿರುತ್ತಾರೆ, ಕೈ ತಣ್ಣಗಾಗಿ ಅಲೆ ಸಣ್ಣದಾಗುತ್ತದೆ. ಅದು ಹೃದಯದ ಬಲ ಕಡಿಮೆಯಾಗಿದ್ದಲ್ಲ. ಆದರೆ ಒಂದು ನಿಮಿಷದಲ್ಲಿ ಇಷ್ಟೂ ಮುಗಿಸಿ. ಯಂತ್ರದ ತಪ್ಪು ಹುಡುಕುತ್ತಾ ಪೇಷಂಟ್‌ನ್ನು ಮರೆತವರನ್ನೂ ನೋಡಿದ್ದೇನೆ.

ನಾಡಿ ಓಡುತ್ತಿದೆ, ಬಿಪಿ ಏರಿದೆ

ಹತ್ತರಲ್ಲಿ ಒಂಬತ್ತು ಸಲ ಇದು ಅಡ್ರಿನಲಿನ್, ಇಲ್ಲವೇ ಹೆದರಿಕೆ, ಇಲ್ಲವೇ ಎರಡೂ. ಹಲ್ಲಿನವರು ಬಳಸುವ 1:80,000 ವಯಲ್‌ನಲ್ಲಿ ಒಂದು ಎಂಎಲ್‌ಗೆ 12.5 ಮೈಕ್ರೋಗ್ರಾಂ ಅಡ್ರಿನಲಿನ್ ಇರುತ್ತದೆ, 1:2,00,000ದಲ್ಲಿ 5 ಮೈಕ್ರೋಗ್ರಾಂ. ಎಪಿಡ್ಯೂರಲ್ (ಬೆನ್ನುಮೂಳೆಯ ಸಂದಿನಲ್ಲಿ ಕೊಳವೆ ಇಟ್ಟು ಮರಗಟ್ಟಿಸುವುದು) ಕೊಡುವಾಗ ನಾವು 3 ಎಂಎಲ್ ಟೆಸ್ಟ್ ಡೋಸ್‌ನಲ್ಲಿ 15 ಮೈಕ್ರೋಗ್ರಾಂ ಬೇಕಂತಲೇ ಕಳಿಸುತ್ತೇವೆ. ಒಂದು ನಿಮಿಷದೊಳಗೆ ನಾಡಿ 20ರಷ್ಟು ಜಿಗಿದರೆ ಕೊಳವೆಯ ತುದಿ ರಕ್ತನಾಳದಲ್ಲಿದೆ ಅಂತ ಅರ್ಥ. ಅಂದಮೇಲೆ ಹಲ್ಲಿನ ಬ್ಲಾಕ್ (ನರದ ಪಕ್ಕ ಚುಚ್ಚುವ ಲೋಕಲ್) ಕೊಡುವಾಗ ಎರಡು ಎಂಎಲ್‌ನಲ್ಲಿ 25 ಮೈಕ್ರೋಗ್ರಾಂ ನೇರ ನಾಳಕ್ಕೆ ಹೋದರೆ ಎದೆ ಢವಗುಟ್ಟದೆ ಇರುತ್ತದಾ?

ಗುರುತು ಹಿಡಿಯುವುದು ಸುಲಭ. ಒಂದೆರಡು ನಿಮಿಷದಲ್ಲಿ ಶುರು, ನಾಡಿ ತುಂಬಿ ಬಡಿಯುತ್ತದೆ, ಬಿಪಿ ಮೇಲೆ, ಕೈ ನಡುಕ, ಕ್ಯೂಆರ್‌ಎಸ್ ಸಪೂರವಾಗೇ ಇರುತ್ತದೆ. ಐದು ಹತ್ತು ನಿಮಿಷಕ್ಕೆ ತಾನೇ ಇಳಿಯುತ್ತದೆ. ಕೆಲಸ ನಿಲ್ಲಿಸಿ, ಸಮಾಧಾನ ಹೇಳಿ, ಕಾಯಿರಿ. ನಾಡಿ ಇಳಿಸಲಿಕ್ಕೆ ಅಂತ ಬೀಟಾ ಬ್ಲಾಕರ್ (ಹೃದಯದ ವೇಗ, ಬಲ ಎರಡನ್ನೂ ತಗ್ಗಿಸುವ ಔಷಧ) ಹಾಕುವ ಆತುರ ಬೇಡ. ನಿಜವಾದ ವಿಷದ ಮೊದಲ ಹಂತವೂ ಹೀಗೇ ಕಾಣಬಹುದು, ಮೆದುಳು ಕೆರಳಿದಾಗ ನಾಡಿ ಬಿಪಿ ಎರಡೂ ಏರುತ್ತವೆ. ಆಗ ಬಲ ತಗ್ಗಿಸುವ ಔಷಧ ಕೊಟ್ಟರೆ ಬೀಳುತ್ತಿರುವವರನ್ನು ತಳ್ಳಿದ ಹಾಗೆ.

ಒಂದು ತಿರುವು ಇದೆ. ಪ್ರೊಪ್ರನೊಲಾಲ್ ಅನ್ನುವ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರಿಗೆ ಅದೇ ಅಡ್ರಿನಲಿನ್ ಹೋದರೆ ಬಿಪಿ ಜೋರಾಗಿ ಏರಿ ನಾಡಿ ಇಳಿಯಬಹುದು. ಮಾತ್ರೆ ಇದೆಯಾ ಅಂತ ಕೇಳಿದರೆ "ಇಲ್ರಿ" ಅನ್ನುತ್ತಾರೆ. ತಲೆನೋವಿಗೆ, ಥೈರಾಯ್ಡ್‌ಗೆ ಏನಾದರೂ ತಗೊಳ್ತೀರಾ ಅಂತ ಕೇಳಿದರೆ ಚೀಲದಿಂದ ಪಟ್ಟಿ ಹೊರಗೆ ಬರುತ್ತದೆ.

ನಾಡಿ ಓಡುತ್ತಿದ್ದು ಬಿಪಿ ಬಿದ್ದಿದ್ದರೆ ಅದು ಬೇರೆ ದಾರಿ. ಮೈಮೇಲೆ ದದ್ದು, ತುಟಿ ಊತ, ಎದೆಯಲ್ಲಿ ಸೀಟಿ ಇದ್ದರೆ ಅಲರ್ಜಿ, ತೊಡೆಗೆ ಅಡ್ರಿನಲಿನ್ 0.5 ಮಿಗ್ರಾಂ, ತಡ ಮಾಡಬೇಡಿ. ಲಿಗ್ನೋಕೇನ್ ಗುಂಪಿಗೆ ನಿಜವಾದ ಅಲರ್ಜಿ ತೀರಾ ಅಪರೂಪ. ಅಂದ ಹಾಗೆ, ಚರ್ಮದ ಮೇಲೆ ಟೆಸ್ಟ್ ಮಾಡಿ ಸರಿ ಇದೆ ಅಂತ ಬರೆಯುತ್ತೀರಲ್ಲ, ಅದು ಅಲರ್ಜಿಯ ಮಾತು. ಡೋಸ್ ಜಾಸ್ತಿಯಾಗುತ್ತದೋ ಇಲ್ಲವೋ ಅನ್ನುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ನಾಡಿ ಇಳಿದಿದೆ, ಮುಖ ಬೆಳ್ಳಗಾಗಿದೆ

"ಕಣ್ಣಿಗೆ ಕತ್ತಲಿ ಬಂದಂಗಾತ್ರಿ" ಅಂದರೆ ಮೊದಲು ಕುರ್ಚಿ ಮಲಗಿಸಿ, ಆಮೇಲೆ ಯೋಚಿಸಿ. ಸೂಜಿ ನೋಡಿಯೇ ತಲೆ ಸುತ್ತುವುದು ಇದು. ಬೆವರು, ಆಕಳಿಕೆ, ಹೊಟ್ಟೆ ತೊಳಸು, ನಾಡಿ 45. ಔಷಧ ಒಳಗೆ ಹೋಗುವ ಮೊದಲೇ ಶುರುವಾಗಿದ್ದರೆ ಅನುಮಾನವೇ ಬೇಡ. ಮಲಗಿಸಿ ಕಾಲು ಎತ್ತಿದರೆ ಒಂದೆರಡು ನಿಮಿಷದಲ್ಲಿ ಬಣ್ಣ ಮರಳುತ್ತದೆ. ಬೇಸಿಗೆಯಲ್ಲಿ ಹಳ್ಳಿಯಿಂದ ಬಸ್ಸಿಗೆ ಬಂದು, ಬೆಳಗಿನಿಂದ ನೀರೂ ಕುಡಿಯದೆ ಸಾಲಿನಲ್ಲಿ ಕೂತವರಲ್ಲಿ ಇದು ಜಾಸ್ತಿ. ಕಾಲೆತ್ತಿದರೂ ಮರಳದಿದ್ದರೆ ಇದಲ್ಲ, ಮುಂದೆ ಹುಡುಕಿ.

ಕಣ್ಣಿನ ಸ್ನಾಯು ಎಳೆದಾಗ, ಟ್ಯುಬೆಕ್ಟಮಿ (ಹೆಣ್ಣುಮಕ್ಕಳ ಸಂತಾನಹರಣ ಆಪರೇಷನ್) ಮಾಡುವಾಗ ಅಂಡನಾಳ ಎಳೆದಾಗ ದಿಢೀರನೆ ನಾಡಿ ಬಿದ್ದರೆ ಅದು ಎಳೆತದ ಕೆಲಸ, ಔಷಧದ್ದಲ್ಲ. "ಸರ್, ಒಂದ್ ನಿಮಿಷ ಕೈ ಬಿಡ್ರಿ" ಅಂದರೆ ಸಾಕು, ನಾಡಿ ವಾಪಸ್ ಬರುತ್ತದೆ. ಅನ್ನಲಿಕ್ಕೆ ಧೈರ್ಯ ಬೇಕು ಅಷ್ಟೇ.

ಸ್ಪೈನಲ್ ಆದ ಮೇಲೆ ನಾಡಿ ಬಿದ್ದರೆ

ಇಲ್ಲಿ ಒಂದು ಲೆಕ್ಕ ಎಲ್ಲವನ್ನೂ ಹೇಳುತ್ತದೆ. ಸ್ಪೈನಲ್‌ಗೆ (ಬೆನ್ನಿಗೆ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸುವುದು) ಕೊಡುವುದು 0.5 ಪರ್ಸೆಂಟ್ ಹೆವಿ ಬುಪಿವಕೇನ್ 3 ಎಂಎಲ್, ಅಂದರೆ 15 ಮಿಗ್ರಾಂ. ಅಷ್ಟೂ ರಕ್ತಕ್ಕೆ ಹೋದರೂ ವಯಸ್ಕರ ಹೃದಯಕ್ಕೆ ವಿಷವಾಗುವಷ್ಟಲ್ಲ. ಹಾಗಾಗಿ ಸ್ಪೈನಲ್ ಆದ ಮೇಲೆ ನಾಡಿ 42ಕ್ಕೆ ಬಿದ್ದರೆ ಹೃದಯದ ಸೋಡಿಯಂ ಬಾಗಿಲು ಹುಡುಕಬೇಡಿ. ದೋಷ ಇರುವುದು ತಂತಿಯಲ್ಲಿ. ಹೃದಯಕ್ಕೆ ವೇಗ ಕೊಡುವ ನರಗಳು ಎದೆಯ ಒಂದರಿಂದ ನಾಲ್ಕನೇ ಮಟ್ಟದಲ್ಲಿ ಹೊರಡುತ್ತವೆ. ಮರಗಟ್ಟಿದ ಮಟ್ಟ ಅಲ್ಲಿಯವರೆಗೆ ಏರಿದರೆ ಅವೂ ಮಲಗುತ್ತವೆ, ವೇಗ ಇಳಿಸುವ ವೇಗಸ್ ನರ ಒಂದೇ ಉಳಿಯುತ್ತದೆ. ಜೊತೆಗೆ ಕಾಲಿನ ನಾಳಗಳು ಹಿಗ್ಗಿ ರಕ್ತ ಅಲ್ಲೇ ನಿಲ್ಲುತ್ತದೆ, ಹೃದಯಕ್ಕೆ ವಾಪಸ್ ಬರುವುದು ಕಡಿಮೆ. ಬಾವಿಯಲ್ಲೇ ನೀರಿಲ್ಲ, ಪಂಪ್ ಏನು ಎತ್ತೀತು?

ಮುಟ್ಟಿ ನೋಡಿ. ಸ್ಪೈನಲ್‌ನಲ್ಲಿ ಪಾದ ಬೆಚ್ಚಗಿರುತ್ತದೆ, ಕಾಲಿನ ರಕ್ತನಾಳ ಉಬ್ಬಿರುತ್ತವೆ. ಸ್ಪಿರಿಟ್ ಹತ್ತಿ ಹೊಟ್ಟೆಯಿಂದ ಮೇಲಕ್ಕೆ ಒರೆಸುತ್ತಾ "ತಣ್ಣಗ ಅನ್ಸತೈತೇನ್ ಯವ್ವಾ?" ಅಂತ ಕೇಳಿ. ಮೊಲೆತೊಟ್ಟಿನ ಮಟ್ಟ ದಾಟಿದ್ದರೆ ಕಾರಣ ಸಿಕ್ಕಿತು. ಕಿರುಬೆರಳು ಜುಮ್ಮೆನ್ನುತ್ತಿದ್ದರೆ, ಕೈ ಹಿಡಿತ ಸಡಿಲವಾಗಿದ್ದರೆ, ದನಿ ಪಿಸುಮಾತಾಗಿದ್ದರೆ ಉಸಿರಿನ ಸಿದ್ಧತೆ ಮಾಡಿಕೊಳ್ಳಿ. ಬಸುರಿಯಾಗಿದ್ದರೆ ಎಡಕ್ಕೆ ವಾಲಿಸಿ. ಡ್ರಿಪ್ ಓಡಿಸಿ, ನಾಡಿ ಏರಿಸಲಿಕ್ಕೆ ಅಟ್ರೋಪಿನ್ 0.6 ಮಿಗ್ರಾಂ, ಬಿಪಿ ಏರಿಸಲಿಕ್ಕೆ ಮೆಫೆಂಟರ್‌ಮಿನ್ 6 ಮಿಗ್ರಾಂ. ಅದಕ್ಕೂ ಬಗ್ಗದೆ ನಾಡಿ ಇಳಿಯುತ್ತಲೇ ಇದ್ದರೆ ಸಣ್ಣ ಡೋಸ್‌ನಲ್ಲಿ ಅಡ್ರಿನಲಿನ್, ನಿಲ್ಲುವವರೆಗೆ ಕಾಯಬೇಡಿ. ಭತ್ತ ನಾಟಿ ಮಾಡಿ ಹಿಂದಿನ ದಿನವಷ್ಟೇ ಬಂದು ಮಲಗಿದ ಹೆಣ್ಣುಮಗಳು, ರಾತ್ರಿಯಿಂದ ಉಪವಾಸ, ಆಪರೇಷನ್ ಮಧ್ಯಾಹ್ನ ಎರಡಕ್ಕೆ. ಇಂಥವರಲ್ಲಿ ಮೊದಲೇ ಬಾವಿ ಅರ್ಧ ಖಾಲಿ. ಇದು ಗೊತ್ತಿದ್ದೂ ನಾವು ಲಿಸ್ಟ್ ಹಿಂದೆ ಮುಂದೆ ಮಾಡುವುದಿಲ್ಲ, ಸುಮ್ನೆ ಬೈದುಕೊಳ್ಳುತ್ತೇವೆ.

ಬಲವೇ ಹೋಗುತ್ತಿದ್ದರೆ

ಈಗ ಹೇಳುವುದು ನನ್ನದೇ ತಪ್ಪು. ಕೆಲವು ವರ್ಷದ ಹಿಂದೆ ಒಂದು ನರ್ಸಿಂಗ್ ಹೋಮ್. ಹತ್ತೊಂಬತ್ತರ ಹುಡುಗ, ಮುಂಗೈ ಯಂತ್ರಕ್ಕೆ ಸಿಕ್ಕಿ ಜಜ್ಜಿತ್ತು. ಕಂಕುಳಲ್ಲಿ ಬ್ಲಾಕ್ ಕೊಟ್ಟೆ, 0.5 ಪರ್ಸೆಂಟ್ ಬುಪಿವಕೇನ್ 20 ಎಂಎಲ್. ಎಳೆದು ನೋಡಿಯೇ ಕೊಟ್ಟೆ, ರಕ್ತ ಬರಲಿಲ್ಲ. ಹೆಬ್ಬೆರಳ ಕಡೆ ಇನ್ನೂ ನೋವು ಅಂದ. ಸರ್ಜನ್ ಅವರೇ ಅಡ್ರಿನಲಿನ್ ಇರುವ 2 ಪರ್ಸೆಂಟ್ ಲಿಗ್ನೋಕೇನ್ 10 ಎಂಎಲ್ ಸುತ್ತ ಹಾಕಿದರು. ನಾನು ತಲೆ ಅಲ್ಲಾಡಿಸಿದೆ. ಬೇಡ ಅನ್ನುವ ಹಾಗೆ ಅಲ್ಲ, ಆಗಲಿ ಅನ್ನುವ ಹಾಗೆ.

ಆರೇಳು ನಿಮಿಷ ಕಳೆದಿರಬೇಕು. ಅಲ್ಲಿಯವರೆಗೆ ಸುಮ್ಮನಿದ್ದ ಹುಡುಗ ವಟವಟ ಮಾತಾಡತೊಡಗಿದ. "ಸರ್, ನಾಲಿಗಿ ದಪ್ಪ ಆದಂಗ ಆಗೇತ್ರಿ. ಕಿವ್ಯಾಗ ಗುಂಯ್ ಅಂತೈತಿ." ನಾಡಿ 118, ಬಿಪಿ 150/96. ಅಡ್ರಿನಲಿನ್ ಇರಬೇಕು, ಹೆದರಿದ್ದಾನೆ ಅಂದುಕೊಂಡೆ. ಹುಡುಗ ಬಾಯಿಬಿಟ್ಟು ಹೇಳಿದ್ದನ್ನು ಕೇಳದೆ ನಂಬರ್ ನೋಡಿದೆ. ಮೂರು ನಿಮಿಷದಲ್ಲಿ ತುಟಿಯ ಮೂಲೆ ಅದುರತೊಡಗಿತು, ನಾಡಿ 54. ಪರದೆಯ ಮೇಲೆ ಸೂಜಿಯಂತಿದ್ದ ಕ್ಯೂಆರ್‌ಎಸ್ ಗುಡ್ಡದ ಹಾಗೆ ಅಗಲವಾಗಿತ್ತು. ಮಣಿಕಟ್ಟಿನಲ್ಲಿ ನಾಡಿ ಹುಡುಕಬೇಕಾಯಿತು. ಬಿಪಿ 78/40.

ಆಕ್ಸಿಜನ್ ಮಾಸ್ಕ್ ಇಟ್ಟು ಉಸಿರು ಕೊಟ್ಟೆವು, ಫಿಟ್ಸ್ ತಡೆಯಲಿಕ್ಕೆ ಮಿಡಾಜೊಲಾಮ್ 2 ಮಿಗ್ರಾಂ ಕೊಟ್ಟೆ, ಅಡ್ರಿನಲಿನ್ 30 ಮೈಕ್ರೋಗ್ರಾಂ, ಅಷ್ಟೇ ಸಣ್ಣದು. ಲಿಪಿಡ್ ಎಲ್ಲಿದೆ ಅಂದೆ. ಸಿಸ್ಟರ್ ಮುಖ ನೋಡಿದರು. ಐಸಿಯುನಲ್ಲಿ ಊಟ ಇಳಿಯದವರಿಗೆ ರಕ್ತನಾಳಕ್ಕೆ ಕೊಡುವ ಹಾಲಿನ ಬಣ್ಣದ ಬಾಟಲಿ, 20 ಪರ್ಸೆಂಟ್, ಓಡಿ ತಗೊಂಡು ಬನ್ನಿ ಅಂದೆ. ಎದುರಿನ ಮೆಡಿಕಲ್ ಶಾಪ್‌ನಿಂದ ಬರಲು ಎಂಟು ನಿಮಿಷ. ಆ ಎಂಟು ನಿಮಿಷ ನನಗೆ ಇವತ್ತಿಗೂ ಗೊತ್ತು. 60 ಎಂಎಲ್ ಎರಡು ಮೂರು ನಿಮಿಷದಲ್ಲಿ ತಳ್ಳಿದೆ, ಆಮೇಲೆ ನಿಮಿಷಕ್ಕೆ ಹತ್ತು ಎಂಎಲ್‌ನಂತೆ ಓಡಿಸಿದೆ. ಕ್ಯೂಆರ್‌ಎಸ್ ಒಂದೊಂದೇ ಬಡಿತಕ್ಕೆ ಸಪೂರವಾಗುತ್ತಾ ಬಂತು. ಹುಡುಗ ಸಂಜೆ ಚಹಾ ಕೇಳಿದ. ರಾತ್ರಿಯಿಡೀ ಮಾನಿಟರ್ ಕೆಳಗೇ ಇಟ್ಟುಕೊಂಡೆವು.

ಆಮೇಲೆ ಮಾಡಿದ ಲೆಕ್ಕ ಇದು. ಮೊದಲೇ ಮಾಡಬೇಕಿತ್ತು. ಕೇಸ್ ಶೀಟ್‌ನಲ್ಲಿ ತೂಕ 60 ಅಂತ ಅಂದಾಜಿಗೆ ಬರೆದಿದ್ದರು. ತಕ್ಕಡಿ ಹತ್ತಿಸಿದರೆ 42. ಬುಪಿವಕೇನ್ ಕಿಲೋಗೆ 2 ಮಿಗ್ರಾಂ ಅಂದರೆ 84 ಮಿಗ್ರಾಂ ಮಿತಿ. ಕೊಟ್ಟಿದ್ದು 100. ಅಲ್ಲಿಗೇ ಮಿತಿಯ 1.19 ಪಟ್ಟು. ಅಡ್ರಿನಲಿನ್ ಇರುವ ಲಿಗ್ನೋಕೇನ್ ಕಿಲೋಗೆ 7 ಮಿಗ್ರಾಂ ಅಂದರೆ 294. ಕೊಟ್ಟಿದ್ದು 200, ಅದು 0.68. ಬೇರೆ ಔಷಧ, ಅದರ ಮಿತಿ ಬೇರೆ ಅಂತ ಅನೇಕರು ಅಂದುಕೊಳ್ಳುತ್ತಾರೆ. ಇಲ್ಲ, ಎರಡೂ ಹೋಗಿ ಕೂರುವುದು ಅದೇ ಬಾಗಿಲಲ್ಲಿ, ಕೂಡಿಸಲೇಬೇಕು. ಕೂಡಿಸಿದರೆ 1.87. ಹೆಚ್ಚುಕಡಿಮೆ ಎರಡು ಪಟ್ಟು. ತೂಕ ನಿಜವಾಗಿಯೂ 60 ಇದ್ದಿದ್ದರೂ 1.3 ದಾಟುತ್ತಿತ್ತು.

ಹಾಗಾಗಿ ವಿಷವೇರಿದ್ದನ್ನು ಹಿಡಿಯುವುದು ಹೇಗೆ ಅಂದರೆ, ನಾಡಿಗಿಂತ ಮೊದಲು ಬಾಯಿ ಮಾತು ಕೇಳಿ. ನಾಲಿಗೆ, ತುಟಿ ಜುಮ್ಮೆನ್ನುವುದು, ಬಾಯಲ್ಲಿ ಕಬ್ಬಿಣದ ರುಚಿ, ಕಿವಿಯಲ್ಲಿ ಸದ್ದು, ದಿಢೀರ್ ವಟವಟ ಅಥವಾ ದಿಢೀರ್ ಮೌನ. ಹೆಚ್ಚಿನವು ಕೊಟ್ಟ ಐದು ನಿಮಿಷದೊಳಗೆ ಕಾಣುತ್ತವೆ, ಕೆಲವು ಅರ್ಧ ಗಂಟೆಯಾದರೂ ಆಗಬಹುದು. ಲಿಗ್ನೋಕೇನ್ ಆದರೆ ಮೆದುಳು ಮೊದಲು ಕೂಗುತ್ತದೆ, ಹೃದಯ ಬೀಳಬೇಕಾದರೆ ಫಿಟ್ಸ್ ಬರಿಸುವ ಪ್ರಮಾಣದ ಸುಮಾರು ಏಳು ಪಟ್ಟು ಬೇಕು. ಬುಪಿವಕೇನ್‌ನಲ್ಲಿ ಆ ಅಂತರ ಮೂರು ಪಟ್ಟಿನ ಆಸುಪಾಸು. ಕೂಗದೆಯೇ ಹೃದಯಕ್ಕೆ ಕೈ ಹಾಕಿದ್ದೂ ಉಂಟು. ಪೇಷಂಟ್ ನಿದ್ದೆ ಔಷಧದಲ್ಲಿದ್ದರಂತೂ ಕೂಗುವವರೇ ಇಲ್ಲ, ಆಗ ಕ್ಯೂಆರ್‌ಎಸ್ ಅಗಲ ಮತ್ತು ಬಿಪಿ ಎರಡೇ ಗತಿ.

ಇದೆಲ್ಲ ನಾವಾಗಿ ಕಂಡುಕೊಂಡಿದ್ದಲ್ಲ. 1979ರಲ್ಲಿ ಅಮೆರಿಕದ ಜಾರ್ಜ್ ಆಲ್‌ಬ್ರೈಟ್ ಅನ್ನುವ ಅರಿವಳಿಕೆ ತಜ್ಞರು ಬುಪಿವಕೇನ್, ಅದೇ ಥರದ ಎಟಿಡೋಕೇನ್ ಕೊಟ್ಟಾಗ ಹೃದಯ ನಿಂತ ಪ್ರಕರಣಗಳನ್ನು ಎತ್ತಿ ಬರೆದರು. ಆಮೇಲೆ ಅಲ್ಲಿ ಹೆರಿಗೆಗೆ 0.75 ಪರ್ಸೆಂಟ್ ಬುಪಿವಕೇನ್ ಬಳಸುವುದು ನಿಂತಿತು. 1998ರಲ್ಲಿ ಗೈ ವೈನ್‌ಬರ್ಗ್ ತಂಡ ಇಲಿಗಳಿಗೆ ಲಿಪಿಡ್ ಕೊಟ್ಟು ನೋಡಿತು, 2006ರಲ್ಲಿ ಮನುಷ್ಯರಲ್ಲಿ ಬದುಕಿಸಿದ ಮೊದಲ ವರದಿ ಬಂತು. ಲಿಪಿಡ್ ರಕ್ತದಲ್ಲಿ ಓಡಾಡುತ್ತಾ ಹೃದಯದಿಂದ, ಮೆದುಳಿನಿಂದ ಔಷಧ ಎಳೆದು ಲಿವರ್‌ಗೆ, ಸ್ನಾಯುಗಳಿಗೆ ಇಳಿಸುತ್ತದೆ.

ಮಾಡಬೇಕಾದ್ದು ಹೀಗೆ. ಸೂಜಿ ನಿಲ್ಲಿಸಿ, ಕೂಗಿ ಜನ ಕರೆಯಿರಿ. ಆಕ್ಸಿಜನ್ ಮೊದಲು, ಯಾಕೆಂದರೆ ಆಕ್ಸಿಜನ್ ಕಡಿಮೆಯಾಗಿ ರಕ್ತ ಹುಳಿಯಾದಷ್ಟೂ ಔಷಧದ ಹಿಡಿತ ಬಿಗಿಯಾಗುತ್ತದೆ. ಫಿಟ್ಸ್‌ಗೆ ಮಿಡಾಜೊಲಾಮ್. 20 ಪರ್ಸೆಂಟ್ ಲಿಪಿಡ್ ಕಿಲೋಗೆ 1.5 ಎಂಎಲ್ ಎರಡು ಮೂರು ನಿಮಿಷದಲ್ಲಿ, 70 ಕಿಲೋ ಮೇಲಿದ್ದರೆ ಸುಮಾರು 100 ಎಂಎಲ್. ಆಮೇಲೆ ಕಿಲೋಗೆ ನಿಮಿಷಕ್ಕೆ 0.25 ಎಂಎಲ್. ಬಿಪಿ ಏಳದಿದ್ದರೆ ಅದೇ ಮೊದಲ ಡೋಸ್ ಮತ್ತೆ ಕೊಡಬಹುದು, ಒಟ್ಟು ಕಿಲೋಗೆ 12 ಎಂಎಲ್ ದಾಟಬಾರದು. ಅಡ್ರಿನಲಿನ್ ಕೊಟ್ಟರೆ ಒಂದು ಸಲಕ್ಕೆ ಕಿಲೋಗೆ 1 ಮೈಕ್ರೋಗ್ರಾಂ ಮೀರದಂತೆ, ಮಾಮೂಲಿ 1 ಮಿಗ್ರಾಂ ಆಂಪೂಲ್ ಪೂರ್ತಿ ತಳ್ಳಬೇಡಿ. ವಾಸೊಪ್ರೆಸಿನ್ (ನಾಳ ಬಿಗಿಸುವ ಔಷಧ), ಬೀಟಾ ಬ್ಲಾಕರ್, ಕ್ಯಾಲ್ಸಿಯಂ ಬ್ಲಾಕರ್ ಬೇಡ. ಅಡ್ಡಾದಿಡ್ಡಿ ಬಡಿತಕ್ಕೆ ಲಿಗ್ನೋಕೇನ್ ಅಂತೂ ಬೇಡವೇ ಬೇಡ, ಬೆಂಕಿಗೆ ಸೀಮೆಎಣ್ಣೆ. ನಿದ್ದೆ ಬರಿಸುವ ಪ್ರೊಪೊಫಾಲ್ ಕೂಡ ಬೆಳ್ಳಗೇ ಇರುತ್ತದೆ, ಅದರಲ್ಲೂ ಎಣ್ಣೆ ಇದೆ, ಹಾಗಂತ ಅದು ಲಿಪಿಡ್‌ಗೆ ಬದಲಿ ಅಲ್ಲ, ಇರುವ ಬಲವನ್ನೂ ಇಳಿಸುತ್ತದೆ. ಹೃದಯ ನಿಂತೇ ಹೋದರೆ ಎದೆ ಒತ್ತುತ್ತಿರಿ, ಇಪ್ಪತ್ತು ನಿಮಿಷಕ್ಕೆ ಕೈ ಬಿಡಬೇಡಿ. ಬುಪಿವಕೇನ್ ಬಿಡಿಸಿಕೊಳ್ಳಲಿಕ್ಕೆ ಹೊತ್ತು ಬೇಕು, ಒಂದು ಗಂಟೆ ದಾಟಿ ಬದುಕಿದವರಿದ್ದಾರೆ. ಸಿಂಧನೂರಿನಿಂದ ರಾಯಚೂರಿಗೆ ಒಂದೂವರೆ ಗಂಟೆ ದಾರಿ, ಆಂಬುಲೆನ್ಸ್ ಹತ್ತಿಸುವ ಮೊದಲು ಲಿಪಿಡ್ ಓಡುತ್ತಿರಲಿ.

ಕೊಡುವ ಮೊದಲಿನ ಲೆಕ್ಕ

1 ಪರ್ಸೆಂಟ್ ಅಂದರೆ ಎಂಎಲ್‌ಗೆ 10 ಮಿಗ್ರಾಂ. 2 ಪರ್ಸೆಂಟ್ 20, 0.5 ಪರ್ಸೆಂಟ್ 5. ಇದಿಷ್ಟು ಬಾಯಿಪಾಠ ಇದ್ದರೆ ಅರ್ಧ ಫೋನ್ ಬರುವುದಿಲ್ಲ. ಅಡ್ರಿನಲಿನ್ ಇಲ್ಲದ ಲಿಗ್ನೋಕೇನ್ ಮಿತಿ ಕಿಲೋಗೆ 4.5 ಮಿಗ್ರಾಂ, ಎಷ್ಟೇ ದಪ್ಪ ಇರಲಿ 300 ಮಿಗ್ರಾಂ ಮೀರಬಾರದು. ಅಂದರೆ 2 ಪರ್ಸೆಂಟ್‌ನಲ್ಲಿ 15 ಎಂಎಲ್. 40 ಕಿಲೋದವರಿಗೆ 9 ಎಂಎಲ್ ಮಾತ್ರ. ಗಾಯ ದೊಡ್ಡದಿದ್ದರೆ ಡಿಸ್ಟಿಲ್ಡ್ ವಾಟರ್ ಅಲ್ಲ, ಸಲೈನ್ ಬೆರೆಸಿ 1 ಪರ್ಸೆಂಟ್ ಮಾಡಿಕೊಳ್ಳಿ, ನೋವೂ ಹೋಗುತ್ತದೆ, ಮಿಗ್ರಾಂ ಅರ್ಧ. ಕೂಸುಗಳು, ವಯಸ್ಸಾದವರು, ಬಸುರಿಯರು, ಲಿವರ್ ಕೆಟ್ಟವರಿಗೆ ಇನ್ನೂ ತಗ್ಗಿಸಿ. ಹೃದಯ ಬಲ ಇಲ್ಲದವರಲ್ಲಿ ಇನ್ನೊಂದು ಸುತ್ತು ಇದೆ. ಲಿಗ್ನೋಕೇನ್ ಕರಗಿಸುವುದು ಲಿವರ್, ಲಿವರ್‌ಗೆ ರಕ್ತ ಕಳಿಸುವುದು ಹೃದಯ, ಹೃದಯ ಸೋತರೆ ಔಷಧ ಕರಗದೆ ಉಳಿದು ಹೃದಯವನ್ನು ಇನ್ನಷ್ಟು ಸೋಲಿಸುತ್ತದೆ. ತೋಳಿಗೆ ಪಟ್ಟಿ ಬಿಗಿದು ನಾಳಕ್ಕೇ ಲೋಕಲ್ ಕೊಡುವ ಪದ್ಧತಿಯಲ್ಲಿ ಬುಪಿವಕೇನ್ ಎಂದಿಗೂ ಬೇಡ, ಪಟ್ಟಿ ಸಡಿಲವಾದರೆ ಅಷ್ಟೂ ನೇರ ಹೃದಯಕ್ಕೆ. ಮತ್ತೆ, ಎಳೆದು ನೋಡಿ ಐದೈದು ಎಂಎಲ್ ಕೊಡಿ, ನಡುವೆ ಮಾತಾಡಿಸಿ. "ಎಷ್ಟ್ ಮಂದಿ ಮಕ್ಳು?" ಅಂತ ಕೇಳುವುದು ಸುಮ್ನೆ ಅಲ್ಲ.

ಆ ನರ್ಸಿಂಗ್ ಹೋಮ್‌ನಲ್ಲಿ ಈಗ ಒಂದು ಬಾಟಲಿ ಇಟ್ಟಿದ್ದಾರೆ. ಮೊದಲು ಓಟಿ ಹೊರಗಿನ ಕಬ್ಬಿಣದ ಬೀರುವಿನಲ್ಲಿತ್ತು, ಮೇ ತಿಂಗಳಲ್ಲಿ ಆ ಬೀರು ಮುಟ್ಟಿದರೆ ಕೈ ಸುಡುತ್ತದೆ. 25 ಡಿಗ್ರಿ ದಾಟಬಾರದು, ಫ್ರೀಜರ್‌ನಲ್ಲೂ ಇಡಬಾರದು, ಎಣ್ಣೆ ಬೇರೆಯಾಗಿ ತೇಲುತ್ತಿದ್ದರೆ ಎಸೆಯಬೇಕು ಅಂದ ಮೇಲೆ ಓಟಿ ಒಳಗಿನ ಕಪಾಟಿಗೆ ಬಂತು. ಹೊಸದಾಗಿ ಬಂದ ವಾರ್ಡ್ ಬಾಯ್ ಒಮ್ಮೆ ಅದನ್ನು ಊಟದ ಬಾಟಲಿ ಅಂತ ಐಸಿಯುಗೆ ಕೊಟ್ಟುಬಿಟ್ಟನಂತೆ. ಅದಾದ ಮೇಲೆ ಹಿರಿಯ ಸಿಸ್ಟರ್ ಮಾರ್ಕರ್ ತಗೊಂಡು ಬಾಟಲಿ ಮೇಲೆ ದಪ್ಪಗೆ ಬರೆದಿದ್ದಾರೆ: "ಇದು ಊಟದ್ದಲ್ಲ. ಮುಟ್ಟಿದವರ ಪಗಾರ ಕಟ್."